ಉಪ್ಪು ಮುಟ್ಟದ ಬಾಲ

ನೆರೆಗುಡಾರದ ಬುರುಲ್‌ಳ ಕೈ ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. ಬೆರಳ ಗೆಣ್ಣುಗಳೆಲ್ಲ ಸೀಳು ಬಿಟ್ಟಿದ್ದವು, ಮುಷ್ಟಿ ಬಿಗಿದರೆ ರಕ್ತ ಜಿನುಗುತ್ತಿತ್ತು. ಬೆಟ್ಟದ ಗಾಳಿಗೆ, ಹಿಮ ಕರಗಿದ ನೀರಿಗೆ ಯಾರ ಕೈಯಾದರೂ ಒಡೆಯುತ್ತದೆ. ಆದರೆ ಅವಳದು ದಿನವಿಡೀ ಕುದುರೆ ಹಾಲು ಕರೆಯುವ ಕೈ. ಒರಟು ಬೆರಳು ಕೆಚ್ಚಲಿಗೆ ತಾಗಿದರೆ ಕುದುರೆ ಹಾಲು ಇಳಿಸುವುದಿಲ್ಲ, ಒದೆಯುತ್ತದೆ.

ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಆ ಕುದುರೆಗಳು ಮಾತ್ರ. ಗಂಡನ ಅಣ್ಣ, ಅವಳ ಭಾವ ಕಡಿರ್‌ನ ಕಣ್ಣು ಮೊದಲಿಂದಲೂ ಅವುಗಳ ಮೇಲೆ. ಒಂದು ದಿನ ಬಾಯಿ ಬಿಟ್ಟೇ ಹೇಳಿದ.

"ಕೈಲಾಗ್ದೋರು ಕುದುರೆ ಯಾಕಮ್ಮ ಇಟ್ಕೋಬೇಕು? ನನ್ ಮಗಳ ನಿಶ್ಚಿತಾರ್ಥ ಮುಗೀಲಿ, ಅದರ ಮುಂದಿನ ಶುಕ್ರವಾರ ಬರ್ತೀನಿ. ಆ ಬೂದು ಕುದುರೆ ನಿಂಗೆ ಹಾಲು ಕೊಡ್ಲಿಲ್ಲ ಅಂದ್ರೆ ಕಟ್ಟಿರೋ ಮರಿಗಳನ್ನ ಬಿಚ್ಚಿ, ಹಿಂದೆ ಬರೋ ತಾಯಿಗಳ ಸಮೇತ ಎಲ್ಲಾನೂ ನನ್ ಮಂದೆಗೆ ಹೊಡ್ಕೊಂಡು ಹೋಗ್ತೀನಿ."

"ಬನ್ನಿ ಭಾವ. ಬರೋವಾಗ ದೊಡ್ಡ ಪಾತ್ರೆ ತನ್ನಿ, ಹಾಲು ಹಾಕಿ ಕಳಿಸ್ತೀನಿ" ಎಂದಳು ಬುರುಲ್.

ಮಾತಾಡಿದಷ್ಟು ಸುಲಭವೇ? ಪೇಟೆಯಿಂದ ಗುಲಾಬಿ ವಾಸನೆಯ ಕ್ರೀಮು ತರಿಸಿ ಹಚ್ಚಿಕೊಂಡು ಹೋದಳು. ಬೂದು ಕುದುರೆ ಒಮ್ಮೆ ಮೂಸಿತು, ಬಕೆಟ್ಟನ್ನೇ ಒದ್ದಿತು. ಆಮೇಲೆ ಕುರಿಯ ಬಾಲದ ಕೊಬ್ಬಿಗೆ ಬಂದಳು; ನಮ್ಮ ಕುರಿಗಳ ಬಾಲವೆಂದರೆ ಹಿಂದೆ ತೂಗುವ ದೊಡ್ಡ ಕೊಬ್ಬಿನ ಗಡ್ಡೆ. ನಮ್ಮಲ್ಲಿ ಹುಟ್ಟಿದ ಕೂಸಿಗೆ ಮೊದಲು ಸವರುವುದೇ ಅದು. ಗಾಳಿಗೆ ಸುಟ್ಟ ಕೆನ್ನೆಗೂ ಅದೇ, ಒಡೆದ ತುಟಿಗೂ ಅದೇ. ಚಳಿಗಾಲದ ಜಾಡಿಯಲ್ಲಿ ಉಳಿದಿದ್ದನ್ನು ಬಳಿದು ಎರಡೂ ಕೈಗೆ ತಿಕ್ಕಿಕೊಂಡಳು ನೋಡಿ, ಅವಳ ಕೂಗು ನನ್ನ ಗುಡಾರದವರೆಗೂ ಕೇಳಿಸಿತು.

ಚಳಿಗೆ ಮುಂಚೆ ಕುರಿ ಕಡಿದಾಗ ಬಾಲಕ್ಕೂ ಧಾರಾಳವಾಗಿ ಉಪ್ಪು ಎರಚಿಡುತ್ತೇವೆ. ಕೈ ತಾನಾಗಿ ಮಾಡುವ ಕೆಲಸ, ಯಾರಿಗೂ ನೆನಪಿರುವುದಿಲ್ಲ. ಗಾಯಕ್ಕೆ ಉಪ್ಪು ಸವರುವುದು ಬರೀ ಗಾದೆಮಾತಲ್ಲ ಅಂತ ಆವತ್ತು ಗೊತ್ತಾಯಿತು.

ನಾನು ಓಡಿ ಹೋದಾಗ ಬುರುಲ್ ಕೈ ತೊಳೆಯುತ್ತಾ ಹಲ್ಲು ಕಚ್ಚಿ ನಿಂತಿದ್ದಳು.

"ಊಲ್ಕಾನಕ್ಕ, ತಪ್ಪು ಕೊಬ್ಬಿಂದಲ್ಲ, ಉಪ್ಪಿಂದು. ನಂಗೆ ಉಪ್ಪು ಮುಟ್ಟದ ಬಾಲ ಬೇಕು."

"ಬೇಸಿಗೇಲಿ ನಿಂಗೋಸ್ಕರ ಯಾರೇ ಕುರಿ ಕಡೀತಾರೆ?"

"ಭಾವ ಕಡೀತಾರಲ್ಲ, ಬೀಗರಿಗೆ."

ನಮ್ಮಲ್ಲಿ ನಿಶ್ಚಿತಾರ್ಥಕ್ಕೆ ಕಡಿದ ಕುರಿಯ ಬಾಲದ ಕೊಬ್ಬು, ಪಿತ್ತಜನಕಾಂಗ ಎರಡನ್ನೂ ಸೇರಿಸಿ ಬೀಗರ ಬಾಯಿಗೆ ತುತ್ತಿಟ್ಟರೇನೇ ಸಂಬಂಧ ಗಟ್ಟಿ. ಆ ಬಾಲಕ್ಕೆ ಕೈಯಿಡುವುದೇ? ಆದರೂ ಹೋಗಿ ಕೇಳಿಯೇ ಕೇಳಿದಳು. "ಬೀಗರ ತುತ್ತು ಕೈಗೆ ಬಳ್ಕೋತೀಯಾ? ನಾಚಿಕೆ ಇಲ್ವಾ?" ಎಂದು ಕಡಿರ್ ಹಾರಾಡಿದ. ಅವಳು ಹಿಡಿದ ಪಟ್ಟು ಬಿಡುವ ಪೈಕಿಯಲ್ಲ.

ಬೀಗರು ಬಂದರು. ರೂಢಿಯಂತೆ ಕುರಿಯನ್ನು ಕಡಿರ್‌ನ ಗುಡಾರದ ಬಾಗಿಲಿಗೆ ತಂದು ನಿಲ್ಲಿಸಿದೆವು. ಹಿರಿಯ ಬೀಗಿತ್ತಿ ಸೋನುನ್ ಕಡಿಯುವ ಮುಂಚೆ ಹರಸಲೆಂದು ಎರಡೂ ಅಂಗೈ ಬಿಚ್ಚಿ ಹಿಡಿದಳು. ಅಷ್ಟರಲ್ಲಿ ಬುರುಲ್ ಮುಂದೆ ಬಂದು ತನ್ನ ಅಂಗೈಗಳನ್ನೂ ಹಾಗೇ ಬಿಚ್ಚಿ ತೋರಿಸಿದಳು.

"ಅಮ್ಮಾ, ಬಾಲ ನಿಮ್ಮ ಪಾಲು. ಕೇಳೋದು ತಪ್ಪು ಅಂತ ಗೊತ್ತು. ಬೇಯ್ಸೋಕೆ ಮುಂಚೆ ಅರ್ಧ ನಂಗೆ ಕೊಡಿ. ನಾನು ಹಾಲು ಕರೀಬೇಕು."

ಕಡಿರ್‌ನ ಮುಖ ಬಾಣಲೆಯ ತಳದಂತಾಯಿತು. ನಾನಂತೂ ನೆಲ ನೋಡಿದೆ. ಮುದುಕಿ ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದಳು.

"ಕಡಿರ್, ಬಾಲ ನಂದು ತಾನೇ?"

"ನಿಮ್ದೇ ಅಮ್ಮ."

"ಹಾಗಾದ್ರೆ ಅರ್ಧ ಇವಳಿಗೆ ಕೊಯ್ದು ಕೊಡು. ನಂಗೆ ಉಳಿದಿರೋ ಹಲ್ಲಿಗೆ ಇನ್ನರ್ಧ ಸಾಕು."

ಹರಸಲು ಬಿಚ್ಚಿದ ಕೈಗೆ ಎದುರಾಡುವವರು ನಮ್ಮಲ್ಲಿಲ್ಲ. ನಿಶ್ಚಿತಾರ್ಥವೂ ನಡೆಯಿತು, ಎಲ್ಲರೂ ತುತ್ತು ತಿಂದರು.

ಬುರುಲ್ ತನ್ನ ಪಾಲನ್ನು ಸಣ್ಣಗೆ ಹೆಚ್ಚಿ, ಚೂರು ನೀರು ಹಾಕಿ, ಸಗಣಿ ಬೆಂಕಿಯ ಸಣ್ಣ ಉರಿಯಲ್ಲಿ ಕರಗಿಸಿದಳು. ಅಡುಗೆಯ ಉಪ್ಪಿನ ಚೀಲವನ್ನು ಮೊದಲೇ ನನ್ನ ಗುಡಾರಕ್ಕೆ ಕಳಿಸಿದ್ದಳು. ನಾನು ಅಭ್ಯಾಸಬಲದಿಂದ ಏನಾದರೂ ಹಾಕಿಬಿಡುತ್ತೇನೆಂದು ನನ್ನನ್ನೂ ಒಲೆಯ ಹತ್ತಿರ ಬಿಡಲಿಲ್ಲ! ಸೋಸಿ ಆರಿಸಿದಾಗ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತು. ಪ್ರತಿ ಸಲ ಹಾಲು ಕರೆದು ಬಂದು ಕೈ ಒರೆಸಿ ಹಚ್ಚಿದಳು. ಪವಾಡವೇನೂ ಆಗಲಿಲ್ಲ. ಮೊದಲು ಉರಿ ನಿಂತಿತು, ಆಮೇಲೆ ಸೀಳಿನ ಅಂಚು ಮೆತ್ತಗಾಯಿತು. ಹಿಮದ ತಣ್ಣೀರು ಕೈಮೇಲೆ ನಿಲ್ಲದೆ ಜಾರತೊಡಗಿದ್ದನ್ನು ನಾನೇ ಕಂಡೆ. ಕೊನೆಗೆ ಚರ್ಮ ಕೂಡಿಕೊಂಡಿತು.

ಶುಕ್ರವಾರ ಕಡಿರ್ ಬಂದ. ಬಂದವನೇ ಮರಿ ಕಟ್ಟಿದ ಹಗ್ಗದ ಗಂಟಿನ ಮೇಲೆ ಕೈಯಿಟ್ಟು ನಿಂತ.

"ಹಾಲು ಕರಿ, ನೋಡೋಣ."

ಬುರುಲ್ ಒಂದು ಮಂಡಿಯೂರಿ ಬಕೆಟ್ಟನ್ನು ತೊಡೆಯ ಮೇಲಿಟ್ಟಳು. ಬೂದು ಕುದುರೆ ತಿರುಗಿ ಅವಳ ಕೈ ಮೂಸಿತು. ಗುಲಾಬಿಯಿಲ್ಲ, ರಕ್ತವಿಲ್ಲ, ದಿನವೂ ಪಕ್ಕದಲ್ಲಿ ಮೇಯುವ ಕುರಿಯ ವಾಸನೆ. ಕುದುರೆ ಹುಲ್ಲಿಗೆ ಬಾಯಿ ಹಾಕಿತು. ಮರುಕ್ಷಣ ಬಕೆಟ್ಟಿನ ತಳಕ್ಕೆ ಹಾಲಿನ ಧಾರೆ ಬಿತ್ತು. ಬುರುಲ್ ಹನಿ ಉಳಿಯದಂತೆ ಕರೆದು ಎದ್ದಳು.

"ಪಾತ್ರೆ ತಂದಿದೀರಾ ಭಾವ?"

ಅವನು ತಂದಿರಲಿಲ್ಲ. ಗಂಟಿನಿಂದ ಕೈಯನ್ನೂ ತೆಗೆದಿರಲಿಲ್ಲ. ಅವನ ಗೆಣ್ಣುಗಳೂ ಗಾಳಿಗೆ ಒಡೆದು ಹಗ್ಗಕ್ಕೆ ರಕ್ತ ಹತ್ತಿತ್ತು. ಬುರುಲ್ ಅದನ್ನು ನೋಡಿದಳು. ಒಳಗೆ ಹೋಗಿ ಜಾಡಿ ತಂದು ಅವನೆದುರು ಮುಚ್ಚಳ ತೆಗೆದಳು.

"ಕೈ ಕೊಡಿ ಭಾವ. ಹೆದರ್ಬೇಡಿ, ಉಪ್ಪು ಹಾಕಿಲ್ಲ."

ಕಡಿರ್ ಹಗ್ಗದ ಗಂಟು ಬಿಟ್ಟು ಕೈ ಚಾಚಿದ.