ಬೆಂಜಮಿನ ಮಾಸ್ತರರು ಕುಂಯ್ ಅಂದದ್ದು

ಔರಾದಿನಲ್ಲಿ ಬೆಂಜಮಿನ ಮಾಸ್ತರರಿಗೆ ಹೆದರದಿದ್ದವರು ಇಬ್ಬರೇ. ಒಬ್ಬರು ಅವರ ಹೆಂಡತಿ ಎಲಿಜಬೆತಮ್ಮ, ಇನ್ನೊಬ್ಬ ಶೇಂಗ್ಯಾ. ಡ್ರಿಲ್ ಮಾಸ್ತರಿಕೆಯಿಂದ ನಿವೃತ್ತರಾಗಿ ಎಷ್ಟೋ ವರ್ಷಗಳಾಗಿದ್ದರೂ ಅವರು ಪೇಟೆಗೆ ಬಂದರೆ ಮಕ್ಕಳೊಂದಿಗರಾದ ಗಂಡಸರು ಕೂಡ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಬೇರೆ ಓಣಿ ಹಿಡಿಯುತ್ತಿದ್ದರು. ಕಟಿಂಗ್ ಅಂಗಡಿಯಲ್ಲಿ ಅವರು ಕುರ್ಚಿ ಮೇಲೆ ಕೂತರೆ ಹರಟೆ ತಾನಾಗಿಯೇ ನಿಲ್ಲುತ್ತಿತ್ತು. ಹೀಗೆ ಊರಿಗೆ ಊರೇ ಅಟೆನ್ಷನ್‌ನಲ್ಲಿ ನಿಂತಿರುವಾಗ, ಭಾಲ್ಕಿಯ ಒಂದು ಮದುವೆಯಲ್ಲಿ ಶೇಂಗಾ ಬಣ್ಣದ ಒಂದು ನಾಯಿಮರಿ ಸೀದಾ ಬಂದು ಅವರ ಕಾಲ್ಬೆರಳನ್ನು ಬಾಯಿಗೆ ಹಾಕಿಕೊಂಡು ಮೆಕ್ಕೆತೆನೆ ಕಡಿದ ಹಾಗೆ ಕಡಿಯಿತು. ಅವತ್ತೇ ಮಾಸ್ತರರು ಅದರ ಮೇಲೆ ಜೀವ ಇಟ್ಟರು. ತಮ್ಮ ಹತ್ತಿರ ಹೆದರದೆ ಬರುವ ಜೀವ ಒಂದಾದರೂ ಇದೆಯಲ್ಲ ಎಂದು ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅದನ್ನು ಅವರು ಯಾರ ಮುಂದೆಯೂ ಬಾಯಿಬಿಟ್ಟು ಹೇಳಲಿಲ್ಲ.

ಮದುವೆಯಿಂದ ಮರಳುವಾಗ ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದಿದ್ದರು. ಕಂಡಕ್ಟರು ಅವರ ಹಳೆಯ ವಿದ್ಯಾರ್ಥಿ. ಚೀಲ ತನ್ನ ಪಾಡಿಗೆ ಬೊಗಳುತ್ತಿದ್ದರೂ ಅವನು ಕಿವುಡನಂತೆ ಮುಂದಿನ ಸೀಟಿಗೆ ಹೋದ. ಮನೆಗೆ ಬಂದ ಮೇಲೆ ಶೇಂಗ್ಯಾನ ಹಸಿವು ಮಾಸ್ತರರ ಕಾಲಿಗಷ್ಟೇ ತೀರಲಿಲ್ಲ. ಎಲಿಜಬೆತಮ್ಮನ ಸೀರೆಯ ಅಂಚು, ಪಕ್ಕದ ಮನೆಯ ಹಾಜಿರಾಬೀಯವರ ಬುರ್ಖಾದ ತುದಿ, ಗ್ಯಾಸ್ ಸಿಲಿಂಡರ್ ತರುವ ಗೋರಖನಾಥನ ಹಿಮ್ಮಡಿ, ಯಾವುದನ್ನೂ ಅದು ಬಿಡಲಿಲ್ಲ. ಕೊನೆಗೆ ಎಲಿಜಬೆತಮ್ಮ ತೀರ್ಪು ಕೊಟ್ಟರು.

“ಗುರುವಾರ ನಮ್ಮನ್ಯಾಗ ಪ್ರಾರ್ಥನಿ ಅದ. ಚರ್ಚಿನ ಹೊಸಾ ಅಯ್ಯನೋರು ಮೊದಲನೇ ಸಲ ಬರ್ಲತ್ತಾರ. ಅವತ್ತು ಇದು ಯಾರಿಗರ ಕಚ್ಚಿತು ಅಂದ್ರ, ಶುಕ್ರವಾರ ಮುಂಜಾನಿ ಬಸ್ಸಿಗಿ ಸಂತಪುರಕ್ಕ ಹೋಗ್ತದ. ನಮ್ಮಣ್ಣ ಜೋಸೆಫನ ಹೊಲದಾಗ ಏನ್ ಬೇಕಾದ್ದು ಕಡೀಲಿ.”

“ಖೋಲ್ಯಾಗ ಹಾಕಿ ಕದ ಮುಚ್ಚಿದ್ರಾಯ್ತು,” ಅಂದರು ಮಾಸ್ತರರು.

“ಹೋದ ಸಲ ಮುಚ್ಚಿದ್ದೆವಲ್ರಿ! ಒಳಗ ಅದು ಅಳೋದು ಕೇಳಿ, ಬಂದೋರೆಲ್ಲಾ ನಾ ಸೊಸಿಗಿ ಕೂಡಿ ಹಾಕೀನಿ ಅಂತ ತಿಳ್ಕೊಂಡ್ರು. ನನಗ ಸೊಸೀನೇ ಇಲ್ಲ.”

ಮಾಸ್ತರರು ಬೀದರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ಜಾಯ್ಸಳಿಗೆ ಕೂಡಲೇ ಫೋನ್ ಹಚ್ಚಿದರು.

“ಪಪ್ಪಾ, ಮೊದಲ ಅದಕ್ಕ ಸೂಜಿ ಹಾಕಿಸೀರಿಲ್ಲ?” ಅಂದಳು ಜಾಯ್ಸ. ಸೂಜಿ ಹಾಕಿಸಿಯಾಗಿತ್ತು. “ಹಂಗಾದ್ರ ಕೇಳ್ರಿ. ಕಚ್ಚಿದ ಕೂಡ್ಲೇ ನಾಯಿಮರಿ ಹಂಗೇ ಕುಂಯ್ ಅನ್ಬೇಕು. ಆಮ್ಯಾಲ ಬೆನ್ನು ತಿರುಗಿಸಿ ಸುಮ್ಮ ಇರ್ಬೇಕು. ಮಾತಾಡಬಾರ್ದು, ಅದರ ಕಡಿ ನೋಡಬಾರ್ದು. ಕಚ್ಚಿದ್ರ ಆಟ ಬಂದ್ ಅಂತ ಅದಕ್ಕ ತಿಳೀತದ. ಆದ್ರ ಎಲ್ಲಾರೂ ಹಂಗೇ ಮಾಡ್ಬೇಕ್ರಿ ಪಪ್ಪಾ.”

ಮಗಳು ‘ಎಲ್ಲಾರೂ’ ಅಂದದ್ದು ಮನೆಯಲ್ಲಿರುವ ಇಬ್ಬರನ್ನು. ಮಾಸ್ತರರು ಹಿಡಿದದ್ದು ಇಡೀ ಓಣಿಯನ್ನು, ಜೊತೆಗೆ ಪ್ರಾರ್ಥನೆಗೆ ಬರುವ ಸಭೆಯವರನ್ನು. ಸಂಜೆಯಾದರೆ ಅಂಗಳದಲ್ಲಿ ಸಾಲು ನಿಲ್ಲಿಸಿ, ಸೀಟಿ ಊದಿ ತಾಲೀಮು ಶುರುವಾಯಿತು. ಅವರು ತಮ್ಮದೇ ಒಂದು ನಿಯಮವನ್ನೂ ಸೇರಿಸಿದರು. ಒಬ್ಬರಿಗೆ ಕಚ್ಚಿದರೂ ಎಲ್ಲರೂ ಒಟ್ಟಿಗೆ ಕುಂಯ್ ಅಂದು ಗೋಡೆಯ ಕಡೆ ತಿರುಗಬೇಕು, ಇಲ್ಲವಾದರೆ ಅದು ಪಕ್ಕದವರ ಕಾಲಿಗೆ ಹೋಗುತ್ತದೆ. ಬರುವುದಿಲ್ಲ ಎಂದು ಯಾರೂ ಅನ್ನಲಿಲ್ಲ, ಮಾಸ್ತರರಿಗೆ ಇಲ್ಲ ಅನ್ನುವ ರೂಢಿಯೇ ಆ ಊರಿಗೆ ಇರಲಿಲ್ಲ. ಬ್ಯಾಂಕಿನ ಕ್ಯಾಷಿಯರ್ ಕೈಲಾಶ ಕೂಡ ಬ್ಯಾಗು ಕೆಳಗಿಟ್ಟು ಕುಂಯ್ ಅಂದು ಮನೆಗೆ ಹೋಗುತ್ತಿದ್ದ. ನೋಡಲು ಬಂದ ಹಾಜಿರಾಬೀ ಸೀಟಿಯ ಸದ್ದಿಗೆ ಗಾಬರಿಯಾಗಿ ತಾವೂ ಸಾಲಿನಲ್ಲಿ ನಿಂತುಬಿಟ್ಟರು. ಗೋರಖನಾಥನಂತೂ ಎಷ್ಟು ಕರುಳು ಚುರ್ ಅನ್ನುವಂತೆ ಒದರಿದನೆಂದರೆ, ಆಚೆ ಓಣಿಯ ಒಂದು ತಾಯಿನಾಯಿ ಓಡಿಬಂದು ಅವನನ್ನು ಮೂಸಿ ನೋಡಿತು.

ಬುಧವಾರದ ಹೊತ್ತಿಗೆ ಶೇಂಗ್ಯಾ ಎಲ್ಲರನ್ನೂ ಕಚ್ಚುವುದನ್ನು ಬಿಟ್ಟಿತು, ಮಾಸ್ತರರೊಬ್ಬರನ್ನು ಬಿಟ್ಟು. ಯಾಕೆಂದರೆ ಆ ಇಡೀ ಓಣಿಯಲ್ಲಿ ಕುಂಯ್ ಅನ್ನಲು ಬಾರದವರು ಮಾಸ್ತರರೊಬ್ಬರೇ. ಕ್ರೀಡಾಕೂಟದಲ್ಲಿ ಕಾಲು ಮುರಿದಾಗ ಸೀಟಿ ಊದುತ್ತಲೇ ಆಸ್ಪತ್ರೆಗೆ ಹೋದವರು ಅವರು. ಅವ್ವ ತೀರಿಕೊಂಡ ದಿನ, ಬಂದವರಿಗೆ ಕುರ್ಚಿಗಳನ್ನು ನೆಟ್ಟಗೆ ಹಾಕಿಸುತ್ತಾ ಓಡಾಡಿದರೇ ಹೊರತು ಒಂದು ಹನಿ ಕಣ್ಣೀರು ಹಾಕಲಿಲ್ಲ. ಶೇಂಗ್ಯಾ ಕಚ್ಚಿದಾಗಲೂ ಅವರ ಬಾಯಿಂದ ಹೊರಟದ್ದು ಎದೆಯುಬ್ಬಿಸಿದ ಒಂದು ಗರ್ಜನೆ. ಆಟ ರಂಗೇರಿತು ಎಂದುಕೊಂಡು ಮರಿ ಬಾಲ ಅಲ್ಲಾಡಿಸಿ ಇನ್ನೊಂದು ಕಾಲಿಗೆ ಬಾಯಿ ಹಾಕಿತು.

“ಅರೆ ಮಾಸ್ತರ್ ಸಾಬ, ಅದು ಅಳೋದಲ್ರಿ, ಹುಕುಂ ಅದ,” ಅಂದರು ಹಾಜಿರಾಬೀ. “ನೀವು ಒದರಿದ್ರ ನನಗೇ ಮೈದಾನ ಸುತ್ತು ಹಾಕ್ಬೇಕು ಅನಸ್ತದ.”

ಮಾಸ್ತರರು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದರು. ಸ್ವಲ್ಪ ಹೊತ್ತಿಗೆ ಎಲಿಜಬೆತಮ್ಮ ಹೊರಗಿನಿಂದ ಬಾಗಿಲು ಬಡಿದು, “ನಳದಾಗ ಗಾಳಿ ಹೊಂಟದೇನ್ರಿ?” ಎಂದು ಕೇಳಿದರು. ಮಾಸ್ತರರು ಹೌದು ಅಂದರು.

ಗುರುವಾರ ಸಂಜೆ ಜಮಖಾನದ ಮೇಲೆ ಸಭೆಯವರು ಒತ್ತೊತ್ತಾಗಿ ಕೂತರು. ಹೊಸ ಪಾಸ್ಟರ್ ಸೈಮನ ಅಯ್ಯನವರು ಭಾತಂಬ್ರಾದ ಕಡೆಯವರು, ಸಣ್ಣ ಪ್ರಾಯ, ದೊಡ್ಡ ಪ್ರಾರ್ಥನೆ. ಬೀದರಿನಿಂದ ಹಿಡಿದು ಒಂದೊಂದೇ ತಾಲೂಕಿನ ಬೆಳೆ, ಕಾಯಿಲೆ, ಪರೀಕ್ಷೆಗಳಿಗಾಗಿ ಬೇಡುತ್ತಾ ಹೊರಟರು. ಎಲ್ಲರ ಕಣ್ಣೂ ಮುಚ್ಚಿದ್ದವು. ಮಾಸ್ತರರು ಮಾತ್ರ ಒಂದು ಕಣ್ಣನ್ನು ಎಳ್ಳಷ್ಟು ತೆರೆದು ನೋಡಿದರು. ಶೇಂಗ್ಯಾ ಮೂಲೆಯಿಂದ ಎದ್ದಿತ್ತು. ಅಯ್ಯನವರು ಮೊಣಕಾಲೂರಿ ಕೂತದ್ದರಿಂದ ಅವರ ಎರಡೂ ಪಾದಗಳು ಹಿಂದಕ್ಕೆ ಚಾಚಿಕೊಂಡಿದ್ದವು, ಕಾಲುಚೀಲದಲ್ಲಿ ಒಂದು ತೂತಿತ್ತು, ತೂತಿನಿಂದ ಒಂದು ಹೆಬ್ಬೆರಳು ಹೊರಗೆ ಇಣುಕಿತ್ತು. ಈ ಬೆರಳು ತಾಲೀಮಿಗೆ ಬಂದಿರಲಿಲ್ಲ.

ಮಾಸ್ತರರು ತೆವಳಿಕೊಂಡು ಹೋಗಿ, ಮರಿಯ ಬಾಯಿಗೂ ಆ ಬೆರಳಿಗೂ ನಡುವೆ ತಮ್ಮ ಕೈ ಅಡ್ಡ ಹಿಡಿದರು. ಶೇಂಗ್ಯಾ ಅವರ ಹೆಬ್ಬೆರಳನ್ನು ಗಬಕ್ಕನೆ ಹಿಡಿಯಿತು. ಸೂಜಿಯಂಥ ಹಲ್ಲುಗಳು. ಒದರಿದರೆ ಕಚ್ಚಿದ್ದು ಎಲಿಜಬೆತಮ್ಮನಿಗೆ ತಿಳಿಯುತ್ತದೆ, ಬೆಳಗ್ಗೆ ಸಂತಪುರದ ಬಸ್ಸು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ಸುಮ್ಮನಿರುವುದು ಮಾಸ್ತರರಿಗೆ ಹುಟ್ಟಿನಿಂದ ಬಂದ ವಿದ್ಯೆ, ಹಲ್ಲು ಕಚ್ಚಿ ಸುಮ್ಮನಿದ್ದರು. ಶೇಂಗ್ಯಾ ಕೂಡ ಹಲ್ಲು ಕಚ್ಚಿತು. ಅಯ್ಯನವರು ಹುಮನಾಬಾದ ತಾಲೂಕು ಮುಗಿಸಿ ಬಸವಕಲ್ಯಾಣಕ್ಕೆ ಹೊರಟರು. ಆಗ ಮಾಸ್ತರರ ಹೊಟ್ಟೆಯ ತಳದಿಂದ, ಅವರು ಕರೆಯದೇ, ಒಂದು ದನಿ ಎದ್ದು ಬಂತು.

“ಕುಂಯ್ಯ್ಯ್!”

ಅಷ್ಟು ಎಳೆಯ, ಅಷ್ಟು ದಿಕ್ಕಿಲ್ಲದ ದನಿ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮರುಗಳಿಗೆಯಲ್ಲೇ ಇಡೀ ಸಭೆ ಒಂದೇ ಬಾಯಿಂದ ಕುಂಯ್ ಅಂದು, ಕಣ್ಣು ಮುಚ್ಚಿಕೊಂಡೇ ಗೋಡೆಯ ಕಡೆ ತಿರುಗಿತು. ಕಾಂಪೌಂಡಿನ ಆಚೆ ಹಾಜಿರಾಬೀಯವರ ಕುಂಯ್ ಕೂಡ ಕೇಳಿಸಿತು. ಶೇಂಗ್ಯಾ ಬೆರಳು ಬಿಟ್ಟು, ಕಿವಿ ಇಳಿಬಿಟ್ಟು ನೆಲಕ್ಕೆ ಕೂತಿತು.

ಅಯ್ಯನವರು ಕಣ್ಣು ತೆರೆದಾಗ ಅವರಿಗೆ ಕಂಡದ್ದು ಬರೀ ಬೆನ್ನುಗಳು. ಒಂದು ಕ್ಷಣ ಯೋಚಿಸಿದರು. ಹೊಸ ಊರು, ಹೊಸ ಸಭೆ. ಮೆಲ್ಲಗೆ ಒಂದು ಕುಂಯ್ ಅಂದು, ತಾವೂ ಗೋಡೆಗೆ ಮುಖ ಮಾಡಿ ಬಸವಕಲ್ಯಾಣವನ್ನು ಮುಗಿಸಿ ಆಮೆನ್ ಅಂದರು. ಆಮೇಲೆ ಚಹಾ ಕುಡಿಯುವಾಗ, “ನಮ್ಮ ಭಾತಂಬ್ರಾ ಕಡಿ ಈ ಪದ್ಧತಿ ಇಲ್ರಿ. ಆದ್ರ ಛಲೋ ಅದ, ಒಬ್ಬರ ಮಾರಿ ಒಬ್ಬರು ನೋಡೋದು ತಪ್ತದ,” ಎಂದು ಮೆಚ್ಚಿಕೊಂಡರು.

ಎಲ್ಲರೂ ಹೋದ ಮೇಲೆ ಎಲಿಜಬೆತಮ್ಮ ಗಂಡನ ಕೈ ಹಿಡಿದು ನಳದ ಕೆಳಗೆ ಒಯ್ದು ಸಾಬೂನು ಹಚ್ಚಿದರು. ಮಾಸ್ತರರು ತಲೆ ತಗ್ಗಿಸಿ ನಿಂತರು.

“ಕಚ್ಚಿತು,” ಅಂದರು. “ಮುಂಜಾನಿ ನಾನೇ ಒಯ್ದು ಬಿಟ್ಟು ಬರ್ತೇನಿ.”

“ಉರೀತದೇನ್ರಿ?”

ಇಲ್ಲ ಅನ್ನಲು ಬಾಯಿ ತೆರೆದರು. ಶೇಂಗ್ಯಾ ಬಂದು ಅವರ ಪಾದದ ಮೇಲೆ ಗದ್ದ ಊರಿ ಮಲಗಿತು, ಹಲ್ಲು ತಾಕಿಸಲಿಲ್ಲ.

“ಉರೀತದ,” ಅಂದರು ಮಾಸ್ತರರು. “ಭಾಳ ಉರೀತದ. ಇದು ಹೋದ್ರ ಇನ್ನೂ ಉರೀತದ.”

ಎಲಿಜಬೆತಮ್ಮ ನಳ ಬಂದ್ ಮಾಡಿ ಗಂಡನ ಮುಖವನ್ನೇ ನೋಡಿದರು.

“ಇಷ್ಟು ವರ್ಷ ಸಂಸಾರ ಮಾಡೀನಿ, ನೋವಾತು ಅಂತ ನಿಮ್ಮ ಬಾಯಿಂದ ಒಂದಿನ ಕೇಳಿಲ್ಲ. ನಾನರ ಎಷ್ಟಂತ ತಿಳ್ಕೊಳ್ಲಿ?” ಅಂದರು. “ಇದು ಎಲ್ಲಿಗೂ ಹೋಗಂಗಿಲ್ಲ. ಇದು ಹೋದ್ರ ನಿಮ್ಮ ಬಾಯಿ ಬಿಡಸೋರು ಯಾರು?”

ಮತ್ತೆ ನಳ ಬಿಟ್ಟು ಬೆರಳನ್ನು ತೊಳೆಯತೊಡಗಿದರು. ಮಾಸ್ತರರು “ಅಯ್ಯೋ, ಮೆತ್ತಗ” ಅಂದರು. ಆಮೇಲೆ, ಅಷ್ಟೇನೂ ನೋಯದಿದ್ದರೂ, ಇನ್ನೊಂದು ಸಲ ಅಂದರು.