ಕನ್ನಡಕದ ಡಬ್ಬಿ

ಮತ್ತೆ ತಪ್ಪಿತು, ಟಿಣ್, ಟಿಣ್‌ಟಿಣ್, ಆಮೇಲೆ ಏನೂ ಇಲ್ಲ, ಎಲ್ಲಿ ಹಾಳಾಗಿ ಹೋಯಿತೋ, ಆಮೇಲೆ ನಾಲ್ಕು ಒಟ್ಟಿಗೆ, ಈ ಯಂತ್ರದ ಬಾಯಿ ಯಾರಾದರೂ ಮುಚ್ಚಬಾರದೇ, ಅವನ ಎದೆಯ ಹುಚ್ಚಾಟವನ್ನು ವಾರ್ಡಿಗೆಲ್ಲ ಡಂಗುರ ಸಾರುತ್ತಿದೆ — ಮೂವತ್ತು ವರ್ಷ ಊರಿಗೆ ನೀರು ಬಿಟ್ಟವನು, ಐದು ಗಂಟೆ ಎಂದರೆ ಐದಕ್ಕೆ ವಾಲ್ವ್ ತಿರುಗಿಸಿದವನು, ಅವನದೇ ಎದೆ ಹೀಗೆ ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎಂದರೆ! ವಾಲ್ವ್ ಚೆನ್ನಾಗೇ ಇದೆ ಯಜಮಾನ್ರೇ, ಕರೆಂಟ್ ತಪ್ಪಿದೆ, ಅಂದರು ಹೃದಯದ ಡಾಕ್ಟರು, ಕರೆಂಟಂತೆ ಕರೆಂಟು, ರಕ್ತ ತೆಳುವಾಗೋ ಮಾತ್ರೆ ಕೊಡದಿದ್ರೆ ಗಡ್ಡೆ ಕಟ್ಟಿ ತಲೆಗೆ ಹೋಗಿ ಲಕ್ವ ಹೊಡೆಯುತ್ತೆ ಅಂತ ಅವರು, ಕೊಡಲೇಬೇಡಿ, ಹೊಟ್ಟೆಯೊಳಗೆ ರಕ್ತ ಸೋರ್ತಿದೆ ಅಂತ ಹೊಟ್ಟೆಯ ಡಾಕ್ಟರು, ನೀರು ಕಮ್ಮಿ ಕುಡೀರಿ ಅಂತ ಕಿಡ್ನಿಯವರು, ಸಕ್ಕರೆಯವರಿಗಂತೂ ಬೆರಳು ಚುಚ್ಚದೆ ಬೆಳಗಾಗುವುದಿಲ್ಲ, ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು, ರಕ್ತ ತೆಳುವಾಗೋ ಆ ಮಾತ್ರೆ ನಿಂತು ಇವತ್ತಿಗೆ ನಾಲ್ಕು ದಿನ. ಕೇಳುವುದು ಮಾತ್ರ ನಾಲ್ವರೂ ಒಂದನ್ನೇ. ಬೇರೆ ಏನಾದ್ರೂ ಮಾತ್ರೆ ತಗೋತಿದ್ರಾ? ಇಲ್ಲ ಸಾರ್. ನೋವಿನ ಮಾತ್ರೆ? ಅಯ್ಯೋ, ಇಲ್ಲ ಸಾರ್ — ಎನ್ನುತ್ತಲೇ ಕಣ್ಣು ಪಕ್ಕದ ಮೇಜಿನ ಮೇಲಿನ ಕನ್ನಡಕದ ಡಬ್ಬಿಗೆ ಓಡುತ್ತದೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಡಬ್ಬಿಯಲ್ಲಿ ಒರೆಸುವ ಬಟ್ಟೆ, ಬಟ್ಟೆಯಡಿ ಮಂಡಿನೋವಿನ ಗುಳಿಗೆ, ದಿನಕ್ಕೆ ಮೂರು, ವಾಲ್ವಿನ ಗುಂಡಿಗಳಲ್ಲಿ ಕುಕ್ಕರುಗಾಲಲ್ಲಿ ಕೂತು ಸವೆದ ಮಂಡಿಗೆ ಬೇರೇನು ಗತಿ, ನನ್ನಾಣೆ, ಅದನ್ನ ಮುಟ್ಟಬೇಡಿ ಅಂದಿದ್ದಳು ಹೆಂಡತಿ, ಆಯ್ತು ಮಾರಾಯ್ತಿ ಅಂದಿದ್ದ, ಹೊಟ್ಟೆ ತೂತು ಮಾಡಿದ್ದು ಅದೇ ಎಂದು ಗೊತ್ತಿಲ್ಲವೇ ಅವನಿಗೆ, ಗೊತ್ತು.

ಬೆಳಿಗ್ಗೆ ಹೊಟ್ಟೆಯ ಡಾಕ್ಟರು ಅವಳ ಮೇಲೆ ಹರಿಹಾಯ್ದರು. ಮನೇಲಿ ಮಾತ್ರೆ ಕೊಡೋರು ನೀವೇ ತಾನೇ? ರಕ್ತ ತೆಳುವಾಗೋದನ್ನ ಎರಡೆರಡು ಸಲ ಕೊಟ್ಟಿದ್ದೀರ, ಇನ್ನೇನು! ಅಂದಿನಿಂದ, ಅಲ್ಲ, ಆಗಿನಿಂದ ಅವಳು ದಿನಕ್ಕೊಂದರಂತೆ ಏಳು ಮನೆಯಿರುವ ಮಾತ್ರೆಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ, ಸೋಮವಾರ ಸರಿ ಇದೆ, ಮಂಗಳವಾರ ಸರಿ ಇದೆ, ನಾನೇ ಎಲ್ಲೋ ಎಡವಿದೆ ಕಣ್ರೀ, ನನ್ನ ಕೈಯಾರೆ — ಥೂ, ಎಂಥ ಗಂಡಸಯ್ಯ ನೀನು, ಬೀದಿಗೆ ಬೀದಿಯೇ ಖಾಲಿ ಬಕೆಟ್ ಹಿಡಿದು ಬೈದಾಗ ಹೆದರದವನು ಇವಳೊಬ್ಬಳ ಬೈಗುಳಕ್ಕೆ ಹೆದರಿ ಇವಳ ತಲೆಗೇ ಕಟ್ಟಿದೆ, ಹೇಳು, ಈಗಲೇ ಹೇಳು — ಏ, ಅಳಬೇಡ್ವೇ, ನಿಂದೇನೂ ತಪ್ಪಿಲ್ಲ, ಆ ಡಬ್ಬಿ ತೆಗೆದು ನೋಡು — ಅಂದನಲ್ಲ, ಅಂದೆನೆಂದುಕೊಂಡನಲ್ಲ, ಬಾಯಿಂದ ಬಂದದ್ದು ಬರೀ ಬ, ಬ, ನಾಲಿಗೆ ಯಾರದೋ, ತೋರಿಸೋಣವೆಂದರೆ ಬಲಗೈ ಹಾಸಿಗೆ ಬಿಟ್ಟು ಏಳುತ್ತಿಲ್ಲ, ಏನ್ರೀ? ಏನು ಬೇಕು? ಕನ್ನಡಕವಾ? ಮೂಗಿನ ಮೇಲೇ ಇದೆಯಲ್ರೀ — ಅಯ್ಯೋ, ಬಾಯಿ ಯಾಕೆ ಹೀಗೆ ಸೊಟ್ಟಗೆ, ಸಿಸ್ಟರ್, ಸಿಸ್ಟರ್, ನಾನೇ ಕೊಂದೆ ಇವರನ್ನ, ಓಡುವ ಕಾಲುಗಳು, ಮೇಜು ಖಾಲಿ ಮಾಡಿಮ್ಮಾ, ಜಾಗ ಬಿಡಿ, ಅವಳು ಡಬ್ಬಿ ಎತ್ತಿಕೊಂಡಳು, ತೆಗಿ, ತೆಗಿಯೇ, ಸೆರಗಿನಲ್ಲಿ ಒರೆಸಿದಳು, ಚೀಲಕ್ಕೆ ಹಾಕಿ ಜಿಪ್ ಎಳೆದಳು, ಡಬ್ಬಿ, ಮುಚ್ಚಿದ ಡಬ್ಬಿ, ಅವಳ ಕೈಯಲ್ಲೇ, ಡಬ್ಬಿ