ಚೌಕದ ಕೆಳಗಿನ ಜಾಗ

ಫ್ಯಾನಿನ ನೆರಳು ಪ್ರಶ್ನೆಪತ್ರಿಕೆಯ ಮೇಲೆ ಹಾದುಹೋಗುತ್ತದೆ, ಮತ್ತೆ ಹಾದುಹೋಗುತ್ತದೆ, ಅದರಡಿಯಲ್ಲಿ ಮೊದಲ ಪ್ರಶ್ನೆ — ಹಗ್ಗಕ್ಕೆ ತೂಗುಬಿದ್ದ ಪೆಟ್ಟಿಗೆ ಸೆಕೆಂಡಿಗೆ ನಾಲ್ಕು ಮೀಟರ್ ವೇಗದಲ್ಲಿ ಇಳಿಯುತ್ತಿದೆ, ಬ್ರೇಕ್ ಹಾಕಿದರೆ ಒಂದು ಮೀಟರಿನಲ್ಲಿ ನಿಲ್ಲುತ್ತದೆ, ಹಗ್ಗದ ಎಳೆತ ತೂಕದ ಎಷ್ಟು ಪಟ್ಟು — ಸುಲಭದ್ದೇ, ಎರಡು ಸಲ ಡುಮ್ಕಿ ಹೊಡೆದ ಡೈನಾಮಿಕ್ಸ್, ಈ ಸಲವೂ ಕೈಕೊಟ್ಟರೆ ಕಾಲೇಜಿನಿಂದ ಹೊರಗೆ, ಮೊದಲು ಚಿತ್ರ ಬರೀರಿ ಎನ್ನುತ್ತಿದ್ದರು ಮೇಷ್ಟ್ರು, ಸುತ್ತಮುತ್ತ ಇರೋದನ್ನೆಲ್ಲ ಕಿತ್ತು ಬಿಸಾಕಿ, ನೆಲ ಬೇಡ, ಗೋಡೆ ಬೇಡ, ಮನುಷ್ಯರಂತೂ ಬೇಡವೇ ಬೇಡ, ವಸ್ತು ಒಂದು, ಬಾಣ ಎರಡು, ಅಷ್ಟೇ — ಅವಳು ಚೌಕ ಎಳೆದಳು, ಮೇಲಕ್ಕೊಂದು ಬಾಣ ಎಳೆತ, ಕೆಳಕ್ಕೊಂದು ಬಾಣ ತೂಕ, ಅದರ ಮೊನೆಯಡಿ ಬಿಳಿ ಕಾಗದ, ನಿಲ್ಲುವಾಗ ವೇಗೋತ್ಕರ್ಷ ಮೇಲ್ಮುಖ, ಎಂಟು, ಅದಕ್ಕೆ ಒಂಬತ್ತು ಪಾಯಿಂಟ್ ಎಂಟು ಕೂಡು, ಎಳೆತ ತೂಕದ ಒಂದೂ ಮುಕ್ಕಾಲು ಪಟ್ಟನ್ನೂ ದಾಟಿತು, ಪೆನ್ನು ನಿಂತಿತು, ಬೆಳಿಗ್ಗೆ ಅಣ್ಣ ಬೂಟಿನ ಲೇಸು ಬಿಗಿಯುತ್ತ ಏನಂದ, ಹೊಸ ಮೇಸ್ತ್ರಿ ಬಾಲಕ್ಕೆ ಬೆಂಕಿ ಹತ್ತಿದೋನ ಥರ ಆಡ್ತಾನೆ ಕಣೇ, ಕ್ರೇನಿನವನಿಗೆ ಹೇಳಿದಾನೆ, ಇವತ್ತಿಂದ ಜೋರಾಗಿ ಇಳಿಸು, ತಲೆಮಟ್ಟಕ್ಕೆ ಬಂದಾಗ ಗಕ್ಕನೆ ಬ್ರೇಕ್ ಹಾಕು ಅಂತ, ಒಂದೂವರೆ ಟನ್ ಕಬ್ಬಿಣ, ಕೆಳಗೆ ನಿಂತು ತಿರುಗಿಸಿ ಕೂರಿಸೋನು ನಾನು — ಹಗ್ಗ ತಡೆಯುತ್ತೇನೋ ಅಣ್ಣ, ಹಳೇದು, ತಂತಿ ಎಳೆ ಕಿತ್ತು ಬರ್ತಿದೆ ಅಂತ ನೀನೇ ಅಂತಿದ್ದೆ — ಅಯ್ಯೋ, ಎರಡು ಟನ್ ತಡೆಯುತ್ತೆ, ಹಾಕೋದು ಒಂದೂವರೆ, ಇನ್ನೂ ಅರ್ಧ ಉಳೀತಲ್ಲ, ಲೆಕ್ಕ ನಿಂಗೊಬ್ಬಳಿಗೇನಾ ಬರೋದು, ಅದೂ ಎರಡು ಸಲ ಫೇಲಾದೋಳಿಗೆ — ಅವಳೂ ನಕ್ಕಿದ್ದಳು, ಹೌದಲ್ಲ ಅಂದುಕೊಂಡಿದ್ದಳು, ಸುಮ್ಮನೆ ತೂಗುವ ಹಗ್ಗಕ್ಕೆ ಆ ಲೆಕ್ಕ ಸರಿಯೇ, ಗಕ್ಕನೆ ನಿಲ್ಲಿಸುವ ಹಗ್ಗಕ್ಕೆ — ಅಲ್ಲೂ ಹೆಚ್ಚುಕಡಿಮೆ ಇದೇ ವೇಗ, ಇದೇ ಒಂದು ಮೀಟರ್ ಅಂತಿಟ್ಟುಕೊಂಡರೆ — ಅಂಚಿನಲ್ಲಿ ಗುಣಿಸಿದಳು, ಎರಡೂ ಮುಕ್ಕಾಲು ಟನ್ನಿನ ಹತ್ತಿರ, ತಪ್ಪಿರಬೇಕು, ನನ್ನ ಲೆಕ್ಕ ಯಾವಾಗ ಸರಿ ಇತ್ತು, ಮತ್ತೆ ಗುಣಿಸಿದಳು, ಅಷ್ಟೇ ಬಂತು, ದೇವರೇ ಇದೊಂದು ತಪ್ಪಾಗಲಿ.

ಸರ್, ನಾನು ಹೊರಗೆ ಹೋಗಬೇಕು — ಹೋದ್ರೆ ಮತ್ತೆ ಒಳಗೆ ಬಿಡೋ ಹಾಗಿಲ್ಲಮ್ಮ, ಈಗ ತಾನೇ ಶುರುವಾಗಿದೆ, ಒಂದೇ ಪ್ರಶ್ನೆ ಬರೆದಿದೀಯ — ಬಿಡಬೇಡಿ ಸರ್ — ಅವರು ಹಾಳೆ ತಿರುವಿ ನೋಡುತ್ತಾರೆ, ಕರೆಕ್ಟಾಗೇ ಮಾಡಿದೀಯಲ್ಲಮ್ಮ, ಯಾಕಿಷ್ಟು ಗಾಬರಿ, ಅವಳಾಗಲೇ ಬಾಗಿಲಾಚೆ, ಬ್ಯಾಗುಗಳ ರಾಶಿಯಲ್ಲಿ ಫೋನಿಗೆ ತಡಕಾಡುತ್ತ, ಸಿಕ್ಕಿತು, ರಿಂಗಾಗುತ್ತಿದೆ, ಎತ್ತೋ, ಕೈಗವಸು ಬಿಚ್ಚಿ ಎತ್ತೋ ಅಣ್ಣ, ಬ್ರೇಕಿನ ಸದ್ದಿಗೆ ಕೇಳಿಸುತ್ತಿಲ್ಲವೇನೋ, ರಿಂಗಾಗುತ್ತಿದೆ, ಕಣ್ಣು ಮುಚ್ಚಿದರೆ ಚೌಕ, ಕೆಳಮುಖದ ಬಾಣ, ಮೊನೆಯಡಿ ಬಿಳಿ ಕಾಗದ, ಮನುಷ್ಯರಿಲ್ಲದ ಬಿಳಿ ಕಾಗದ —